ಸನ್ನದು, ನಿಬಂಧನೆ, ಸಂಪ್ರದಾಯ: ಎಡ್ವರ್ಡ್ ದೊರೆಯ ಕಾಲದಲ್ಲಿ ರಾಯಲ್ ಸೊಸೈಟಿಯ ಆಡಳಿತ

ನಮ್ಮ ದೇಶದ ವಿಜ್ಞಾನಿಗಳಲ್ಲಿ ಕೆಲವರ ಹೆಸರಿನ ಮುಂದೆ ಎಫ್.ಆರ್.ಎಸ್. ಎಂಬ ಅಕ್ಷರಗಳನ್ನು ಕಂಡು ನಾವು ಗೌರವದಿಂದ ತಲೆಬಾಗುತ್ತೇವೆ. ಶ್ರೀನಿವಾಸ ರಾಮಾನುಜನ್ ಅವರಿಗೆ 1918ರಲ್ಲಿ, ಜಗದೀಶಚಂದ್ರ ಬೋಸ್ ಅವರಿಗೆ 1920ರಲ್ಲಿ, ಚಂದ್ರಶೇಖರ ವೆಂಕಟರಾಮನ್ ಅವರಿಗೆ 1924ರಲ್ಲಿ ಈ ಮನ್ನಣೆ ದೊರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಯ ಮೊದಲನೆಯ ನಿರ್ದೇಶಕರಾಗಿ ಬಂದ ಮಾರಿಸ್ ಟ್ರ್ಯಾವರ್ಸ್ ಅವರು ಅದನ್ನು 1904ರಲ್ಲಿಯೇ ಪಡೆದಿದ್ದರು. ಆದರೆ ಈ ಮನ್ನಣೆಯನ್ನು ಕೊಡುವವರು ಯಾರು, ಯಾವ ಅಧಿಕಾರದಿಂದ ಕೊಡುತ್ತಾರೆ, ಕೊಡಲಾಗದೆಂದು ಹೇಳುವ ಹಕ್ಕು ಯಾರದು, ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ಅಪೂರ್ವ. ವಿಜ್ಞಾನದ ಇತಿಹಾಸವೆಂದರೆ ಸಂಶೋಧನೆಗಳ ಇತಿಹಾಸವೆಂಬುದೇ ರೂಢಿಯಾದ ಭಾವನೆ. ಸಂಶೋಧಕರು ಕೂಡಿ ಕಟ್ಟಿಕೊಂಡ ಸಂಸ್ಥೆಗಳು ತಮ್ಮನ್ನು ತಾವು ಹೇಗೆ ಆಳಿಕೊಂಡವು ಎಂಬುದೂ ಆ ಇತಿಹಾಸದ ಒಂದು ಅಧ್ಯಾಯವೇ ಆಗಿದೆ. ಏಳನೆಯ ಎಡ್ವರ್ಡ್ ದೊರೆ ಸಿಂಹಾಸನದಲ್ಲಿದ್ದ 1901ರ ಜನವರಿಯಿಂದ 1910ರ ಮೇ ತಿಂಗಳವರೆಗಿನ ಅಲ್ಪಾವಧಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಆಡಳಿತ ಹೇಗೆ ನಡೆಯಿತೆಂಬುದನ್ನು ಈ ಲೇಖನದಲ್ಲಿ ವಿಚಾರಿಸಲಾಗಿದೆ.

ಸೊಸೈಟಿ ಹುಟ್ಟಿದ್ದು 1660ರ ನವೆಂಬರ್ 28ರಂದು, ಗ್ರೆಷಾಮ್ ಕಾಲೇಜಿನಲ್ಲಿ ಸೇರಿದ್ದ ಒಂದು ಸಣ್ಣ ಗೋಷ್ಠಿಯಲ್ಲಿ. ಎರಡನೆಯ ಚಾರ್ಲ್ಸ್ ದೊರೆ ಅದಕ್ಕೆ 1662ರಲ್ಲಿ ಒಂದು ಸನ್ನದನ್ನೂ 1663ರಲ್ಲಿ ಹೆಚ್ಚಿನ ಅಧಿಕಾರಗಳುಳ್ಳ ಎರಡನೆಯ ಸನ್ನದನ್ನೂ ದಯಪಾಲಿಸಿದನು. ಇನ್ನೂರೈವತ್ತು ವರ್ಷಗಳು ಸಮೀಪಿಸುತ್ತಿದ್ದರೂ ಎಡ್ವರ್ಡನ ಕಾಲದಲ್ಲಿ ಸಂಸ್ಥೆಯ ಮೂಲಶಾಸನ ಈ ಎರಡನೆಯ ಸನ್ನದೇ ಆಗಿತ್ತು. ಹೊಸದಾಗಿ ಚುನಾಯಿತನಾದ ಫೆಲೊ ಸನ್ನದಿನ ಗ್ರಂಥದಲ್ಲಿ ತನ್ನ ಹೆಸರನ್ನು ಬರೆದು, ಅಧ್ಯಕ್ಷನಿಂದ ಕೈಹಿಡಿಸಿಕೊಂಡ ಮೇಲೆಯೇ ಸಂಸ್ಥೆಯೊಳಗೆ ಸೇರಿದಂತೆ. ದೊರೆ ಕೊಟ್ಟ ಬೆಳ್ಳಿಯ ದಂಡವನ್ನು ಮೇಜಿನ ಮೇಲಿಟ್ಟ ಹೊರತು ಸಭೆ ನಡೆಯುತ್ತಿರಲಿಲ್ಲ. ಇವೆಲ್ಲ ಬರಿಯ ಆಡಂಬರವೆಂದು ತೋರಬಹುದು. ಆದರೆ ಸನ್ನದಿಗೆ ಇದ್ದ ನಿಜವಾದ ಬಲವನ್ನು ಮುಂದೆ ನೋಡುವೆವು. ಅದು ಪೆಟ್ಟಿಗೆಯಲ್ಲಿಟ್ಟು ಪೂಜಿಸುವ ಚರ್ಮಪತ್ರವಾಗಿ ಉಳಿಯದೆ, ಒಬ್ಬ ವ್ಯಕ್ತಿಯ ಪ್ರವೇಶವನ್ನು ತಡೆಯಬಲ್ಲ ಬಾಗಿಲೂ ಆಗಿತ್ತು.

ಸನ್ನದಿನ ಪ್ರಕಾರ ಆಡಳಿತದ ಭಾರವೆಲ್ಲ ಇಪ್ಪತ್ತೊಂದು ಮಂದಿಯ ಕೌನ್ಸಿಲಿನ ಮೇಲಿತ್ತು. ಅಧ್ಯಕ್ಷ, ಖಜಾಂಚಿ, ಕಾರ್ಯದರ್ಶಿಗಳು ಇದರೊಳಗೇ ಸೇರುತ್ತಾರೆ. ಪ್ರತಿವರ್ಷವೂ ಸಂತ ಆಂಡ್ರೂವಿನ ದಿನವಾದ ನವೆಂಬರ್ 30ರಂದು ವಾರ್ಷಿಕ ಸಭೆ ಸೇರಿ, ಹಳೆಯ ಕೌನ್ಸಿಲಿನಿಂದ ಹನ್ನೊಂದು ಮಂದಿಯನ್ನು ಉಳಿಸಿಕೊಂಡು, ಹತ್ತು ಮಂದಿಯನ್ನು ಹೊಸದಾಗಿ ಆರಿಸಬೇಕು. ಈ ಏರ್ಪಾಡನ್ನು ಮಾಡಿದವರು ಬಹು ದೂರದೃಷ್ಟಿಯುಳ್ಳವರೆಂದು ಒಪ್ಪಬೇಕು. ಸುಮಾರು ಅರ್ಧದಷ್ಟು ಸದಸ್ಯರು ವರ್ಷ ವರ್ಷವೂ ಬದಲಾಗುವುದರಿಂದ ಯಾವ ಒಂದು ಪಕ್ಷವೂ ಕೌನ್ಸಿಲನ್ನು ಸ್ವಾಧೀನಪಡಿಸಿಕೊಳ್ಳಲಾಗದು, ಉಳಿದ ಅರ್ಧ ಮುಂದುವರಿಯುವುದರಿಂದ ಕೆಲಸದ ಎಳೆಯೂ ಕಡಿಯದು. ಆದರೆ ಹೊಸ ಹತ್ತು ಹೆಸರುಗಳ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದುದೂ ಕೌನ್ಸಿಲೇ. ಪಟ್ಟಿಯಲ್ಲಿನ ಹೆಸರನ್ನು ಹೊಡೆದುಹಾಕಿ ಬೇರೊಂದನ್ನು ಬರೆಯುವ ಸ್ವಾತಂತ್ರ್ಯ ಫೆಲೊಗಳಿಗಿತ್ತೆಂಬುದು ದಿಟ. ಆ ಸ್ವಾತಂತ್ರ್ಯ ಪ್ರಯೋಗಕ್ಕೆ ಬಂದುದು ವಿರಳ.

ಹೀಗೆ ಕೌನ್ಸಿಲಿನ ಸಾಮಾನ್ಯ ಸದಸ್ಯರು ಬಂದು ಹೋಗುತ್ತಿದ್ದಾಗ ಅಧಿಕಾರಿಗಳು ಮಾತ್ರ ವರ್ಷಗಟ್ಟಲೆ ನಿಲ್ಲುತ್ತಿದ್ದರು. ಎಡ್ವರ್ಡನ ಕಾಲದಲ್ಲಿ ಮೂವರು ಅಧ್ಯಕ್ಷರಾದರು: 1900ರಿಂದ 1905ರವರೆಗೆ ಖಗೋಳವಿಜ್ಞಾನಿ ವಿಲಿಯಂ ಹಗಿನ್ಸ್, 1908ರವರೆಗೆ ಲಾರ್ಡ್ ರೇಲೀ, ಅಲ್ಲಿಂದ ಮುಂದೆ ಭೂವಿಜ್ಞಾನಿ ಆರ್ಚಿಬಾಲ್ಡ್ ಗೀಕಿ. ಜೋಸೆಫ್ ಬ್ಯಾಂಕ್ಸ್ 1778ರಿಂದ 1820ರವರೆಗೆ ಅಧ್ಯಕ್ಷಪೀಠದಲ್ಲಿ ಕುಳಿತಿದ್ದುದನ್ನು ನೆನೆದರೆ ಐದು ವರ್ಷಗಳ ಮಿತಿ ಎಷ್ಟು ದೊಡ್ಡ ಬದಲಾವಣೆಯೆಂಬುದು ವೇದ್ಯವಾಗುತ್ತದೆ. ಆ ಮಿತಿಯನ್ನು ಸನ್ನದು ವಿಧಿಸಿರಲಿಲ್ಲ. 1873ರಿಂದ 1878ರವರೆಗೆ ಅಧ್ಯಕ್ಷರಾಗಿದ್ದ ಜೋಸೆಫ್ ಹೂಕರ್ ತಾವಾಗಿ ಐದು ವರ್ಷಗಳಿಗೆ ಇಳಿದರು. ಮುಂದಿನವರು ಅದನ್ನೇ ಮೇಲ್ಪಂಕ್ತಿಯಾಗಿ ಇಟ್ಟುಕೊಂಡರು. ಸಂಪ್ರದಾಯವು ಶಾಸನದಷ್ಟೇ ಗಟ್ಟಿಯಾಗಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕಾರ್ಯದರ್ಶಿಗಳಿಬ್ಬರು. ಒಬ್ಬರು ಭೌತವಿಜ್ಞಾನಗಳ ಕಡೆಯವರು, ಮತ್ತೊಬ್ಬರು ಜೀವವಿಜ್ಞಾನಗಳ ಕಡೆಯವರು. ನಿತ್ಯದ ಅಧಿಕಾರ ವಾಸ್ತವವಾಗಿ ಇವರ ಕೈಯಲ್ಲಿತ್ತು. ಶರೀರಶಾಸ್ತ್ರಜ್ಞ ಮೈಕೆಲ್ ಫಾಸ್ಟರ್ 1881ರಿಂದ 1903ರವರೆಗೆ ಇಪ್ಪತ್ತೆರಡು ವರ್ಷ ಕಾರ್ಯದರ್ಶಿಯಾಗಿದ್ದು ನಾಲ್ಕು ಮಂದಿಗಿಂತ ಹೆಚ್ಚು ಅಧ್ಯಕ್ಷರನ್ನು ಕಂಡರು. 1900ರಲ್ಲಿ ಅವರು ಲಂಡನ್ ವಿಶ್ವವಿದ್ಯಾನಿಲಯದ ಪ್ರತಿನಿಧಿಯಾಗಿ ಪಾರ್ಲಿಮೆಂಟಿಗೂ ಚುನಾಯಿತರಾದರು. ವಿಜ್ಞಾನಸಂಸ್ಥೆಯ ಅಧಿಕಾರಿಯೊಬ್ಬನು ರಾಜಕೀಯ ಸಭೆಯಲ್ಲಿ ಕುಳಿತುಕೊಳ್ಳಬಹುದೇ ಎಂಬ ಚರ್ಚೆ ಹೊಸದೇನಲ್ಲ. ಸ್ಟೋಕ್ಸರು ಅಧ್ಯಕ್ಷರಾಗಿದ್ದಾಗ ಕೇಂಬ್ರಿಜ್ಜಿನ ಪ್ರತಿನಿಧಿಯಾದದ್ದನ್ನು ಹಕ್ಸ್ಲಿ ಕಟುವಾಗಿ ಆಕ್ಷೇಪಿಸಿದ್ದರು. ಫಾಸ್ಟರರ ತರುವಾಯ ಗೀಕಿ ಬಂದರು. ಭೌತವಿಭಾಗದಲ್ಲಿ ಜೋಸೆಫ್ ಲಾರ್ಮರ್ 1901ರಿಂದ 1912ರವರೆಗೆ ಇದ್ದರು. ಖಜಾಂಚಿಯ ಸ್ಥಾನದಲ್ಲಿ ಈ ಅವಧಿಯುದ್ದಕ್ಕೂ ಇದ್ದವರು ಆಲ್ಫ್ರೆಡ್ ಕೆಂಪೆ. ಇವರು ವೃತ್ತಿಯಿಂದ ನ್ಯಾಯವಾದಿಗಳು, ಅಭಿರುಚಿಯಿಂದ ಗಣಿತಜ್ಞರು. ನಾಲ್ಕು ಬಣ್ಣಗಳ ಪ್ರಮೇಯಕ್ಕೆ 1879ರಲ್ಲಿ ಇವರು ಕೊಟ್ಟ ಸಾಧನೆ ಹನ್ನೊಂದು ವರ್ಷ ನಿಂತು, ಆಮೇಲೆ ದೋಷಯುಕ್ತವೆಂದು ತಿಳಿದುಬಂದಿತು. ಲೆಕ್ಕಪತ್ರಗಳಲ್ಲಿ ಅಂಥ ದೋಷವನ್ನು ಯಾರೂ ತೋರಿಸಿದಂತಿಲ್ಲ.

ಇನ್ನು ಫೆಲೊಗಳ ಚುನಾವಣೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಿಜ್ಞಾನದ ಗಂಧವಿಲ್ಲದ ಶ್ರೀಮಂತರೂ ಕುತೂಹಲಿಗಳೂ ಸೊಸೈಟಿಯಲ್ಲಿ ತುಂಬಿದ್ದರು. ವಾರವಾರವೂ ಒಬ್ಬಿಬ್ಬರನ್ನು ಸೇರಿಸಿಕೊಳ್ಳುತ್ತಿದ್ದ ಆ ಪದ್ಧತಿಯನ್ನು 1847ರ ನಿಬಂಧನೆಗಳು ಕೊನೆಗಾಣಿಸಿದವು. ಅಂದಿನಿಂದ ವರ್ಷಕ್ಕೊಮ್ಮೆ ಮಾತ್ರ, ಹದಿನೈದು ಮಂದಿಯನ್ನು ಮಾತ್ರ ಆರಿಸತಕ್ಕದ್ದೆಂದಾಯಿತು. ಅಭ್ಯರ್ಥಿಯ ಪರವಾಗಿ ಒಂದು ಶಿಫಾರಸು ಪತ್ರ ಬರಬೇಕು. ಅದಕ್ಕೆ ಕನಿಷ್ಠ ಆರು ಮಂದಿ ಫೆಲೊಗಳ ಸಹಿ ಇರಬೇಕು. ಅವರಲ್ಲಿ ಮೂವರಾದರೂ ಅಭ್ಯರ್ಥಿಯನ್ನು ಸ್ವತಃ ಬಲ್ಲವರಾಗಿರಬೇಕು. ಬಂದ ಪತ್ರಗಳನ್ನೆಲ್ಲ ಪರಿಶೀಲಿಸಿ ಕೌನ್ಸಿಲು ಹದಿನೈದು ಹೆಸರುಗಳನ್ನು ಆರಿಸಿ, ಮುದ್ರಿಸಿ, ಫೆಲೊಗಳಿಗೆ ಕಳುಹಿಸುತ್ತಿತ್ತು. ಜೂನ್ ತಿಂಗಳಲ್ಲಿ ಮತದಾನ. ಕೌನ್ಸಿಲಿನ ಪಟ್ಟಿಯೇ ಚುನಾವಣೆಯ ಫಲಿತಾಂಶವಾಗುತ್ತಿತ್ತೆಂದರೆ ಹೆಚ್ಚು ತಪ್ಪಾಗದು. ಆ ವರ್ಷ ಸ್ಥಾನ ಸಿಗದವರ ಪತ್ರ ಮುಂದಿನ ವರ್ಷಕ್ಕೆ ಉಳಿಯುತ್ತಿತ್ತು. ನಾಲ್ಕೈದು ವರ್ಷ ಕಾದವರೂ ಉಂಟು. ಇದರ ಪರಿಣಾಮವಾಗಿ ಶತಮಾನದ ಮಧ್ಯದಲ್ಲಿ ಏಳುನೂರಕ್ಕೆ ಮೇಲಿದ್ದ ಫೆಲೊಗಳ ಸಂಖ್ಯೆ ಎಡ್ವರ್ಡನ ವೇಳೆಗೆ ಸುಮಾರು ನಾಲ್ಕುನೂರೈವತ್ತಕ್ಕೆ ಇಳಿದು, ಅವರಲ್ಲಿ ಬಹುತೇಕ ಎಲ್ಲರೂ ನಿಜವಾದ ವಿಜ್ಞಾನಿಗಳೇ ಆಗಿದ್ದರು. ವಾರ್ಷಿಕ ಚಂದಾವನ್ನು 1878ರಲ್ಲಿ ಮೂರು ಪೌಂಡುಗಳಿಗೆ ಇಳಿಸಿ, ಪ್ರವೇಶಶುಲ್ಕವನ್ನು ತೆಗೆದುಹಾಕಿದ್ದರಿಂದ ಬಡ ಉಪಾಧ್ಯಾಯನೂ ಒಳಬರುವುದು ಸಾಧ್ಯವಾಗಿತ್ತು. ಈ ಸುಧಾರಣೆಯನ್ನು ಇತಿಹಾಸಕಾರರು ಹೊಗಳುವುದು ನ್ಯಾಯವೇ ಸರಿ. ಆದರೆ ಅರ್ಹತೆಯನ್ನು ಕಾಪಾಡುವುದಕ್ಕಾಗಿ ಆಯ್ಕೆಯ ಅಧಿಕಾರವನ್ನೆಲ್ಲ ಇಪ್ಪತ್ತೊಂದು ಮಂದಿಯ ಕೈಗೆ ಕೊಟ್ಟಂತಾಯಿತು ಎಂಬ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು.

ಪ್ರಬಂಧಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಫೆಲೊ ಅಲ್ಲದವನ ಪ್ರಬಂಧವನ್ನು ಒಬ್ಬ ಫೆಲೊ ಸಭೆಗೆ ಒಪ್ಪಿಸಬೇಕಾಗಿತ್ತು. ಪ್ರಕಟಣೆಯ ಮೊದಲು ಪರೀಕ್ಷಕರ ಅಭಿಪ್ರಾಯವನ್ನು ಪಡೆಯುತ್ತಿದ್ದರು. ಬೇರೆ ಬೇರೆ ಶಾಸ್ತ್ರಗಳಿಗೆ ಉಪಸಮಿತಿಗಳಿದ್ದವು. 1905ರಿಂದ ಸೊಸೈಟಿಯ ‘ಪ್ರೊಸೀಡಿಂಗ್ಸ್’ ಪತ್ರಿಕೆ ಎ ಮತ್ತು ಬಿ ಎಂದು ಎರಡು ಶ್ರೇಣಿಗಳಾಗಿ ಹೊರಬರತೊಡಗಿತು. ‘ಫಿಲಸಾಫಿಕಲ್ ಟ್ರಾನ್ಸ್ಯಾಕ್ಷನ್ಸ್’ 1887ರಲ್ಲೇ ಹಾಗೆ ಒಡೆದಿತ್ತು. ಭೌತಶಾಸ್ತ್ರಜ್ಞನೂ ಪ್ರಾಣಿಶಾಸ್ತ್ರಜ್ಞನೂ ಒಬ್ಬರ ಬರಹವನ್ನೊಬ್ಬರು ಓದುತ್ತಿದ್ದ ಕಾಲ ಮುಗಿಯಿತೆಂಬುದಕ್ಕೆ ಈ ಅಕ್ಷರಗಳೇ ಸಾಕ್ಷಿ.

ಸರ್ಕಾರದೊಡನೆ ಇದ್ದ ಸಂಬಂಧ ವಿಚಿತ್ರವಾದದ್ದು. ಸೊಸೈಟಿ ಸರ್ಕಾರದ ಇಲಾಖೆಯಲ್ಲ, ಅದರ ಅಧ್ಯಕ್ಷನನ್ನು ಸರ್ಕಾರ ನೇಮಿಸುವುದಿಲ್ಲ. ಆದರೂ ಸಂಶೋಧನೆಗಾಗಿ ಪಾರ್ಲಿಮೆಂಟು ಪ್ರತಿವರ್ಷ ಮಂಜೂರು ಮಾಡುತ್ತಿದ್ದ 4000 ಪೌಂಡುಗಳನ್ನು ಹಂಚುತ್ತಿದ್ದುದು ಸೊಸೈಟಿಯೇ. ಟೆಡಿಂಗ್ಟನ್ನಿನ ರಾಷ್ಟ್ರೀಯ ಭೌತಪ್ರಯೋಗಾಲಯ 1902ರಲ್ಲಿ ಪ್ರಾರಂಭೋತ್ಸವವನ್ನು ಕಂಡಾಗ ಅದರ ಮೇಲ್ವಿಚಾರಣೆಯೂ ಸೊಸೈಟಿಯದಾಗಿತ್ತು. ಯುಗಾಂಡದಲ್ಲಿ ನಿದ್ರಾರೋಗ ಹಬ್ಬಿದಾಗ ಅದನ್ನು ಪರಿಶೀಲಿಸಲು 1902ರಲ್ಲಿ ಆಯೋಗವನ್ನು ಕಳುಹಿಸಿದ್ದೂ ಅದೇ. ಸಂಬಳವಿಲ್ಲದೆ ದುಡಿಯುವ ವಿದ್ವಾಂಸರಿಂದ ರಾಜ್ಯವು ಇಷ್ಟು ಕೆಲಸ ಮಾಡಿಸಿಕೊಂಡದ್ದು ಇಂದಿನ ಓದುಗರಿಗೆ ಅಚ್ಚರಿಯಾಗಬಹುದು. ಎಲ್ಲ ಕಾರ್ಯಗಳೂ ಸಫಲವಾದವೆಂದಲ್ಲ. ಭೂಗೋಳ ಸಂಸ್ಥೆಯೊಡನೆ ಕೂಡಿ ಏರ್ಪಡಿಸಿದ ದಕ್ಷಿಣಧ್ರುವ ಯಾತ್ರೆಯಲ್ಲಿ, ದಂಡಿನ ನಾಯಕ ನೌಕಾಧಿಕಾರಿಯೋ ವಿಜ್ಞಾನಿಯೋ ಎಂಬ ಜಗಳ ಹುಟ್ಟಿ, ವೈಜ್ಞಾನಿಕ ನಿರ್ದೇಶಕರೆಂದು ಆಯ್ಕೆಯಾಗಿದ್ದ ಭೂವಿಜ್ಞಾನಿ ಗ್ರೆಗರಿ 1901ರಲ್ಲಿ ರಾಜೀನಾಮೆಯಿತ್ತರು. ಹಡಗು ಸ್ಕಾಟರ ವಶದಲ್ಲಿ ಹೊರಟಿತು. ಅದೇ ವರ್ಷ, ಇತಿಹಾಸ ಭಾಷಾಶಾಸ್ತ್ರಾದಿ ಮಾನವಿಕ ವಿದ್ಯೆಗಳನ್ನೂ ತನ್ನೊಳಗೆ ಸೇರಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಕೌನ್ಸಿಲಿನ ಮುಂದೆ ಬಂದಿತು. ಕೌನ್ಸಿಲು ಅದಕ್ಕೆ ಮುಂದಾಗಲಿಲ್ಲ. ಆ ವಿದ್ವಾಂಸರು 1902ರಲ್ಲಿ ಪ್ರತ್ಯೇಕ ಸನ್ನದನ್ನು ಪಡೆದು ಬ್ರಿಟಿಷ್ ಅಕಾಡೆಮಿಯನ್ನು ಸ್ಥಾಪಿಸಿಕೊಂಡರು. ಇಂಗ್ಲಿಷಿನಲ್ಲಿ ವಿಜ್ಞಾನವೆಂಬ ಪದದ ಅರ್ಥ ಪ್ರಕೃತಿವಿಜ್ಞಾನಕ್ಕೇ ಸೀಮಿತವಾಗಿ ನಿಂತುದಕ್ಕೆ ಈ ತೀರ್ಮಾನವೂ ಒಂದು ಕಾರಣವೆಂದು ನನ್ನ ಎಣಿಕೆ.

ಆದರೆ ಈ ದಶಕದಲ್ಲಿ ಸಂಸ್ಥೆಯ ಆಡಳಿತಕ್ರಮವನ್ನು ನಿಜವಾಗಿ ಒರೆಗೆ ಹಚ್ಚಿದ್ದು ಒಂದು ಶಿಫಾರಸು ಪತ್ರ. 1902ರಲ್ಲಿ ಜಾನ್ ಪೆರಿ ಮೊದಲಾದ ಫೆಲೊಗಳು ಸಹಿ ಮಾಡಿ ಕಳುಹಿಸಿದ ಆ ಪತ್ರದಲ್ಲಿದ್ದ ಅಭ್ಯರ್ಥಿಯ ಹೆಸರು ಹರ್ತಾ ಐರ್ಟನ್. ಈಕೆ ಗರ್ಟನ್ ಕಾಲೇಜಿನಲ್ಲಿ ಓದಿದವರು, ಫೆಲೊ ಆಗಿದ್ದ ವಿಲಿಯಂ ಐರ್ಟನ್ನರ ಪತ್ನಿ. ಅಂದಿನ ಬೀದಿದೀಪಗಳಲ್ಲಿ ಉರಿಯುತ್ತಿದ್ದ ವಿದ್ಯುಚ್ಚಾಪವು ಏಕೆ ಸಿಳ್ಳುಹಾಕುತ್ತದೆ, ಏಕೆ ಮಿನುಗುತ್ತದೆ ಎಂಬುದನ್ನು ವಿವರಿಸಿ, 1899ರಲ್ಲಿ ವಿದ್ಯುದಿಂಜನಿಯರುಗಳ ಸಂಸ್ಥೆಗೆ ಸೇರಿದ ಮೊದಲ ಮಹಿಳೆಯಾದವರು. ಈ ವಿಷಯದ ಮೇಲೆ ಆಕೆಯ ದೊಡ್ಡ ಗ್ರಂಥ ಆ 1902ರಲ್ಲೇ ಪ್ರಕಟವಾಯಿತು. 1901ರಲ್ಲಿ ಆಕೆಯ ಪ್ರಬಂಧವೊಂದು ರಾಯಲ್ ಸೊಸೈಟಿಯಲ್ಲಿ ಪಠಿತವಾಗಿತ್ತು. ಓದಿದವರು ಆಕೆಯಲ್ಲ, ಪೆರಿ. ಸಂಶೋಧನೆಯ ಅರ್ಹತೆಯೊಂದನ್ನೇ ನೋಡುವುದಾದರೆ, ಪತ್ರವನ್ನು ತಳ್ಳಿಹಾಕಲು ಕಾರಣವಿರಲಿಲ್ಲ.

ಕೌನ್ಸಿಲು ಅರ್ಹತೆಯ ಪ್ರಶ್ನೆಗೇ ಹೋಗಲಿಲ್ಲ. ಸ್ತ್ರೀಯೊಬ್ಬಳು ಫೆಲೊ ಆಗಲು ಸನ್ನದು ಎಡೆಗೊಡುವುದೇ ಎಂದು ನ್ಯಾಯವಾದಿಗಳ ಅಭಿಪ್ರಾಯವನ್ನು ಕೇಳಿತು. ಸನ್ನದಿನಲ್ಲಿ ಸ್ತ್ರೀಯರನ್ನು ಹೆಸರಿಸಿ ಹೊರಗಿಟ್ಟ ವಾಕ್ಯವಿಲ್ಲ. ಆದರೂ ವಿವಾಹಿತ ಸ್ತ್ರೀ ಚುನಾವಣೆಗೆ ಅರ್ಹಳಲ್ಲವೆಂದೂ, ಅವಿವಾಹಿತಳ ಅರ್ಹತೆಯೂ ಸಂದೇಹಾಸ್ಪದವೆಂದೂ ಉತ್ತರ ಬಂದಿತು. ಇದಕ್ಕೆ ಆಧಾರ ಇಂಗ್ಲೆಂಡಿನ ಹಳೆಯ ವ್ಯವಹಾರಧರ್ಮ. ಅದರ ಪ್ರಕಾರ ವಿವಾಹಾನಂತರ ಪತ್ನಿಯ ವ್ಯಕ್ತಿತ್ವ ಪತಿಯ ವ್ಯಕ್ತಿತ್ವದಲ್ಲಿ ಲೀನವಾಗುತ್ತದೆ. ಪ್ರತ್ಯೇಕ ವ್ಯಕ್ತಿಯೇ ಅಲ್ಲದವಳನ್ನು ಪ್ರತ್ಯೇಕವಾಗಿ ಚುನಾಯಿಸುವುದು ಹೇಗೆ? 1882ರ ಕಾಯಿದೆಯಿಂದ ವಿವಾಹಿತೆಗೆ ತನ್ನ ಆಸ್ತಿಯ ಮೇಲೆ ಒಡೆತನ ದೊರೆತು ಇಪ್ಪತ್ತು ವರ್ಷಗಳಾಗಿದ್ದವು. ಆಕೆ ಮನೆ ಕೊಳ್ಳಬಹುದು, ಮಾರಬಹುದು, ಫೆಲೊ ಆಗಲಾರಳು. ಕೌನ್ಸಿಲು ಪತ್ರವನ್ನು ಮುಂದುವರಿಸಲಾಗದೆಂದು ನಿರ್ಧರಿಸಿತು.

ಇಲ್ಲಿ ನ್ಯಾಯವಾದಿಗಳನ್ನು ದೂರಿ ಪ್ರಯೋಜನವಿಲ್ಲ. ಕೇಳಿದ ಪ್ರಶ್ನೆಗೆ ಅವರು ಅಂದಿನ ನ್ಯಾಯದಂತೆ ಉತ್ತರವಿತ್ತರು. ಆದರೆ ಸನ್ನದು ಹೀಗಿದೆಯೆಂಬುದು ಒಂದು ಮಾತು, ಸನ್ನದು ಹೀಗೆಯೇ ಇರಬೇಕೆಂಬುದು ಮತ್ತೊಂದು ಮಾತು. ದೊರೆಗೆ ಬಿನ್ನವಿಸಿಕೊಂಡು ಪೂರಕ ಸನ್ನದನ್ನು ಪಡೆಯುವ ದಾರಿ ಯಾವ ಸಂಸ್ಥೆಗಾದರೂ ತೆರೆದಿತ್ತು. ಆ ಬಿನ್ನಹವನ್ನು ಮಾಡಬೇಕೇ ಬೇಡವೇ ಎಂಬುದನ್ನು ನಾಲ್ಕುನೂರೈವತ್ತು ಮಂದಿ ಫೆಲೊಗಳ ಮತಕ್ಕೆ ಹಾಕಬಹುದಾಗಿತ್ತು. ಅದು ಆಗಲಿಲ್ಲ. ಯಾವ ಪಟ್ಟಿಯನ್ನು ಫೆಲೊಗಳ ಮುಂದಿಡಬೇಕೆಂಬ ಅಧಿಕಾರ ಕೌನ್ಸಿಲಿನದಾಗಿದ್ದಂತೆಯೇ, ಯಾವ ಪ್ರಶ್ನೆಯನ್ನು ಅವರ ಮುಂದಿಡಬಾರದೆಂಬ ಅಧಿಕಾರವೂ ಅದರದೇ ಆಯಿತು. 1847ರ ಸುಧಾರಣೆಯ ಮತ್ತೊಂದು ಮುಖ ಇದು.

ನೆರೆಯ ಸಂಸ್ಥೆಗಳಲ್ಲಿ ಇದೇ ಪ್ರಶ್ನೆ ಎದ್ದಾಗ ನಡೆದುದನ್ನು ಹೋಲಿಸಿ ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಸಸ್ಯ ಪ್ರಾಣಿಶಾಸ್ತ್ರಗಳಿಗೆ ಮೀಸಲಾದ ಲಿನ್ನಿಯನ್ ಸೊಸೈಟಿಗೆ 1802ರ ಸನ್ನದಿತ್ತು. ಜರೀಗಿಡ ಮತ್ತು ಹಾವಸೆಗಳ ಅಭ್ಯಾಸಿಯಾದ ಮೇರಿಯನ್ ಫಾರ್ಕರ್ಸನ್ ಎಂಬ ಮಹಿಳೆ 1900ರಲ್ಲಿ ಅಲ್ಲಿಗೆ ಅರ್ಜಿ ಕಳುಹಿಸಿ, ಅರ್ಹ ಸ್ತ್ರೀಯರನ್ನು ಸೇರಿಸಿಕೊಳ್ಳಬೇಕೆಂದು ಕೇಳಿದರು. ಮೊದಲು ಹಿಂಜರಿದ ಸಂಸ್ಥೆ ಕೊನೆಗೆ ವಿಷಯವನ್ನು ಸದಸ್ಯರ ಮುಂದಿಟ್ಟು, 1904ರಲ್ಲಿ ಪೂರಕ ಸನ್ನದನ್ನೇ ಪಡೆಯಿತು. ಆ ವರ್ಷ ನವೆಂಬರ್ 17ರಂದು ಹದಿನಾರು ಮಹಿಳೆಯರ ಹೆಸರುಗಳು ಮತಕ್ಕೆ ಬಂದು, ಹದಿನೈದು ಮಂದಿ ಚುನಾಯಿತರಾದರು. ಬಿಟ್ಟುಹೋದ ಆ ಒಬ್ಬರು ಫಾರ್ಕರ್ಸನ್ನರೇ! ಬಾಗಿಲು ತಟ್ಟಿದವರನ್ನು ಹೊರಗೇ ನಿಲ್ಲಿಸಿ, ತಟ್ಟದೆ ಇದ್ದವರನ್ನು ಒಳಗೆ ಕರೆದಂತಾಯಿತು. ಗುಪ್ತಮತದ ಪೆಟ್ಟಿಗೆಗೆ ಕಾರಣ ಹೇಳುವ ಹೊಣೆಯಿಲ್ಲ. 1908ರಲ್ಲಿ ಅವರನ್ನು ಚುನಾಯಿಸಿದಾಗ ಅನಾರೋಗ್ಯದಿಂದ ಸಹಿ ಹಾಕಲು ಬರಲಾರದೆ ಹೋದರು. 1912ರಲ್ಲಿ ತೀರಿಕೊಂಡರು.

ಕೆಮಿಕಲ್ ಸೊಸೈಟಿಯ ಕಥೆ ಬೇರೆ ಬಗೆಯದು. 1904ರಲ್ಲಿ ಮೇರಿ ಕ್ಯೂರಿಯವರನ್ನು ಗೌರವ ವಿದೇಶೀ ಸದಸ್ಯರನ್ನಾಗಿ ಮಾಡಿಕೊಂಡ ಆ ಸಂಸ್ಥೆಗೆ, ಅದೇ ವರ್ಷ ಹತ್ತೊಂಬತ್ತು ಮಂದಿ ಬ್ರಿಟಿಷ್ ರಸಾಯನವಿಜ್ಞಾನಿನಿಯರು ತಮ್ಮನ್ನೂ ಸೇರಿಸಿಕೊಳ್ಳಬೇಕೆಂದು ಅರ್ಜಿಯಿತ್ತರು. ಅದು ಆಗ ಫಲಿಸಲಿಲ್ಲ. ಮುನ್ನೂರಕ್ಕಿಂತ ಹೆಚ್ಚು ಫೆಲೊಗಳು ಅವರ ಪರವಾಗಿ ಮನವಿ ಸಲ್ಲಿಸಿದ ಮೇಲೆ, ವಿಲಿಯಂ ರಾಮ್ಸೆ ಅಧ್ಯಕ್ಷರಾಗಿದ್ದ 1908ರಲ್ಲಿ ಎಲ್ಲ ಫೆಲೊಗಳ ಅಭಿಪ್ರಾಯವನ್ನೂ ಬರಹದಲ್ಲಿ ಕೇಳಲಾಯಿತು. ಟಾಟಾ ಅವರ ಯೋಜನೆಯ ಸಂಬಂಧವಾಗಿ ನಮ್ಮ ದೇಶದಲ್ಲಿ ಸಂಚರಿಸಿ, ವಿಜ್ಞಾನಸಂಸ್ಥೆಗೆ ಬೆಂಗಳೂರು ತಕ್ಕ ಸ್ಥಳವೆಂದು ಸೂಚಿಸಿದ ರಾಮ್ಸೆ ಇವರೇ. ಮತಗಳನ್ನು ಎಣಿಸಿದಾಗ ಪರವಾಗಿ 1094, ವಿರೋಧವಾಗಿ 642. ಇಷ್ಟು ನಿಚ್ಚಳವಾದ ಬಹುಮತ ಬಂದರೂ ಹೆನ್ರಿ ಆರ್ಮ್‌ಸ್ಟ್ರಾಂಗ್ ಮುಂತಾದವರ ವಿರೋಧ ಕರಗಲಿಲ್ಲ. 1909ರಲ್ಲಿ ಒಂದು ರಾಜಿಯಾಯಿತು: ಸ್ತ್ರೀಯರು ‘ಚಂದಾದಾರರು’ ಎಂಬ ಹೊಸ ವರ್ಗಕ್ಕೆ ಸೇರಬಹುದು. ಸಭೆಗೆ ಬರಬಹುದು, ಗ್ರಂಥಾಲಯವನ್ನು ಬಳಸಬಹುದು, ಪತ್ರಿಕೆಯನ್ನು ಪಡೆಯಬಹುದು. ಮತದ ಹಕ್ಕಾಗಲಿ, ಫೆಲೊ ಎಂಬ ಹೆಸರಾಗಲಿ ಇಲ್ಲ. ಪೂರ್ಣ ಸದಸ್ಯತ್ವ ದೊರೆತದ್ದು 1920ರಲ್ಲಿ.

ರಾಯಲ್ ಅಸ್ಟ್ರೊನಾಮಿಕಲ್ ಸೊಸೈಟಿಯ ಪ್ರಕರಣ ನಮ್ಮ ಪಕ್ಕದ ಮದರಾಸಿಗೆ ಸಂಬಂಧಿಸಿದ್ದು. ಅಲ್ಲಿನ ವೀಕ್ಷಣಾಲಯದ ನಾರ್ಮನ್ ಪಾಗ್ಸನ್ ತಮ್ಮ ಸಹಾಯಕಳಾಗಿದ್ದ ಮಗಳು ಐಸಿಸ್ ಪಾಗ್ಸನ್ನಳ ಹೆಸರನ್ನು 1886ರಲ್ಲಿ ಸೂಚಿಸಿದಾಗ, 1831ರ ಸನ್ನದಿನಲ್ಲಿ ಫೆಲೊವನ್ನು ಪುಲ್ಲಿಂಗದ ಸರ್ವನಾಮದಿಂದ ನಿರ್ದೇಶಿಸಿದೆಯೆಂಬ ಕಾರಣಕ್ಕೆ ಆ ಸೂಚನೆ ನಿಂತುಹೋಯಿತು. ವ್ಯಾಕರಣವು ಖಗೋಳವನ್ನು ಗೆದ್ದ ಈ ಪ್ರಸಂಗಕ್ಕೆ ಪರಿಹಾರ 1915ರ ಪೂರಕ ಸನ್ನದಿನಿಂದ ಬಂದಿತು. ಐಸಿಸ್ ಪಾಗ್ಸನ್ 1920ರಲ್ಲಿ ಫೆಲೊ ಆದರು.

ಹೀಗೆ ಒಂದೇ ನಗರದಲ್ಲಿ, ಹಲವು ವೇಳೆ ಒಂದೇ ವ್ಯಕ್ತಿಗಳು ಸದಸ್ಯರಾಗಿದ್ದ ಸಂಸ್ಥೆಗಳಲ್ಲಿ, ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು ಬಂದವು. ಲಿನ್ನಿಯನ್ ಸೊಸೈಟಿಯವರು ರಾಯಲ್ ಸೊಸೈಟಿಯವರಿಗಿಂತ ಉದಾರಹೃದಯರಾಗಿದ್ದರೆಂದು ಹೇಳಿ ಇದನ್ನು ಮುಗಿಸುವುದು ಸುಲಭ. ಆದರೆ ಹಲವು ಜೀವವಿಜ್ಞಾನಿಗಳು ಎರಡಕ್ಕೂ ಸೇರಿದವರೇ ಆಗಿದ್ದರು. ಒಂದು ಕಡೆ ಪ್ರಶ್ನೆ ಸದಸ್ಯರ ಸಭೆಗೆ ಬಂದಿತು, ಇನ್ನೊಂದು ಕಡೆ ಅದು ಕೌನ್ಸಿಲಿನ ಕೋಣೆಯಲ್ಲೇ ಉಳಿಯಿತು; ವ್ಯತ್ಯಾಸದ ಬಹುಭಾಗ ಇಲ್ಲಿದೆಯೆಂದು ತೋರುತ್ತದೆ. ಬಂದಲ್ಲಿಯೂ ಬಹುಮತವೊಂದೇ ಸಾಲದೆಂಬುದನ್ನು ರಸಾಯನಜ್ಞರ 1094 ಮತಗಳು ತೋರಿಸುತ್ತವೆ.

ಐರ್ಟನ್ ಸುಮ್ಮನಾಗಲಿಲ್ಲ. 1901ರಲ್ಲಿ ಕಾಯಿಲೆಯ ಪತಿಯೊಡನೆ ಮಾರ್ಗೇಟಿನ ಕಡಲತೀರದಲ್ಲಿದ್ದಾಗ ಅಲೆಗಳು ಮರಳಿನ ಮೇಲೆ ಬಿಡುವ ಸಾಲುಗೆರೆಗಳನ್ನು ಗಮನಿಸಿ, ಮನೆಯಲ್ಲಿ ಗಾಜಿನ ತೊಟ್ಟಿಗಳಲ್ಲಿ ನೀರನ್ನು ತೂಗಾಡಿಸಿ ಪ್ರಯೋಗ ನಡೆಸಿದರು. 1904ರ ಜೂನ್ ತಿಂಗಳಲ್ಲಿ ಆ ಪ್ರಬಂಧವನ್ನು ರಾಯಲ್ ಸೊಸೈಟಿಯ ಸಭೆಯಲ್ಲಿ ತಾವೇ ಓದಿದರು. ಅಲ್ಲಿ ತನ್ನ ಪ್ರಬಂಧವನ್ನು ತಾನೇ ಓದಿದ ಮೊದಲ ಸ್ತ್ರೀ ಈಕೆ. ಪ್ರಬಂಧ ಓದುವುದಕ್ಕೆ ಸನ್ನದಿನ ಅಡ್ಡಿಯಿರಲಿಲ್ಲ. ಪದಕಗಳಿಗೂ ಇರಲಿಲ್ಲ: 1903ರ ಡೇವಿ ಪದಕ ಕ್ಯೂರಿ ದಂಪತಿಗಳಿಬ್ಬರಿಗೂ ಸಂದಿತ್ತು, 1906ರ ಹ್ಯೂಸ್ ಪದಕ ವಿದ್ಯುಚ್ಚಾಪ ಮತ್ತು ಮರಳಿನ ಅಲೆಗೆರೆಗಳ ಸಂಶೋಧನೆಗಾಗಿ ಐರ್ಟನ್ನರಿಗೆ ಸಂದಿತು. ಕೌನ್ಸಿಲು ಕೊಡಬಹುದಾದ ಗೌರವವನ್ನು ಕೊಟ್ಟು, ಸ್ಥಾನವನ್ನು ಮಾತ್ರ ತಡೆಹಿಡಿಯಿತು. ಹ್ಯೂಸ್ ಪದಕ ಮತ್ತೊಬ್ಬ ಮಹಿಳೆಗೆ ದೊರೆತದ್ದು ನೂರೆರಡು ವರ್ಷಗಳ ಮೇಲೆ, 2008ರಲ್ಲಿ.

ಲಿಂಗದ ಅಥವಾ ವಿವಾಹದ ಕಾರಣದಿಂದ ಯಾರನ್ನೂ ಸನ್ನದು ಪಡೆದ ಸಂಸ್ಥೆಗಳಿಂದ ಹೊರಗಿಡಲಾಗದೆಂದು 1919ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ಹರ್ತಾ ಐರ್ಟನ್ 1923ರಲ್ಲಿ ನಿಧನರಾದರು. ಈ ನಡುವಣ ನಾಲ್ಕು ವರ್ಷಗಳಲ್ಲಿ ಅವರು ಫೆಲೊ ಆಗಲಿಲ್ಲ. ಕಾಯಿದೆ ಬದಲಾದರೂ ಸಂಪ್ರದಾಯ ಇನ್ನೂ ಕಾಲು ಶತಮಾನ ನಿಂತಿತು. 1944ರಲ್ಲಿ ಪ್ರಶ್ನೆ ಕೊನೆಗೂ ಎಲ್ಲ ಫೆಲೊಗಳ ಮತಕ್ಕೆ ಬಂದಿತು. ಬಹು ದೊಡ್ಡ ಬಹುಮತದಿಂದ ಅಂಗೀಕೃತವಾಯಿತು. 1945ರಲ್ಲಿ ಸ್ಫಟಿಕವಿಜ್ಞಾನಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಮತ್ತು ಜೀವರಸಾಯನವಿಜ್ಞಾನಿ ಮಾರ್ಜರಿ ಸ್ಟೀಫನ್ಸನ್ ಫೆಲೊಗಳಾಗಿ ಚುನಾಯಿತರಾದರು. ಇವರಲ್ಲಿ ಲಾನ್ಸ್‌ಡೇಲ್ ವಿವಾಹಿತೆ, ಮೂರು ಮಕ್ಕಳ ತಾಯಿ.